ತೊಳೆದ ಗಜ್ಜರಿ

ಗಜ್ಜರಿ ತೊಳೆಯಬೇಕೆಂದದ್ದು ನಾನು. ಕಮತಗಿ ಹತ್ತಿರ ಇರುವ ನನ್ನ ಚಿಕ್ಕಮ್ಮನ, ನಮ್ಮ ಬಾಯಲ್ಲಿ ಚಿಗವ್ವನ, ಹೊಲಕ್ಕೆ ಹನಿ ನೀರಾವರಿ ಬಂದಾಗ, ಕಡಲೆ ಬಿಟ್ಟು ಗಜ್ಜರಿ ಬಿತ್ತು ಎಂದವಳೂ ನಾನೇ. ಪೇಟೆಯವರು ಅದಕ್ಕೆ ಕ್ಯಾರೆಟ್ ಅನ್ನುತ್ತಾರೆ. ಅಕ್ಕಪಕ್ಕದವರೂ ಅದನ್ನೇ ಬಿತ್ತಿದ್ದರು. ಬೆಳೆ ಕೈಗೆ ಬಂದಾಗ ಸಂತೆಯಲ್ಲಿ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು.

ಚಿಗವ್ವ ಅರ್ಧ ಹೊಲ ಕಿತ್ತು ನಿಲ್ಲಿಸಿದಳು. "ಇವು ಹೋಗಲಿಲ್ಲಂದ್ರ ಉಳಿದದ್ದು ಕೀಳೂದಿಲ್ಲ. ಕುರಿ ಬಿಟ್ಟ ಬಿಡ್ತೇನಿ. ಮುಂದ ನನ್ನ ಮುಂದ ಗಜ್ಜರಿ ಹೆಸರ ಎತ್ತಬ್ಯಾಡ."

ಇಳಕಲ್ಲಿನ ಸಗಟು ವ್ಯಾಪಾರಿಯೊಬ್ಬ ತರಲು ಹೇಳಿದ್ದ. ಬಾಗಲಕೋಟೆಯ ಅಂಗಡಿಯೊಂದರಲ್ಲಿ ಮಿರಿಮಿರಿ ಮಿಂಚುವ ಗಜ್ಜರಿ ನೋಡಿದ್ದ ನಾನು, ತೊಳೆದರೆ ಬೇಗ ಹೋಗುತ್ತವೆ ಎಂದೆ. ಮಣ್ಣು ಒದರಿ ಹಾಗೇ ಒಯ್ಯೋಣ ಎಂದಳು ಚಿಗವ್ವ. ನಾನು ಕೇಳಲಿಲ್ಲ. ಸಂಜೆಯವರೆಗೆ ಇಬ್ಬರೂ ತಿಕ್ಕಿ ತೊಳೆದು, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಹೊಲಿದೆವು. ಏಳು ಚೀಲ ಆದವು.

ಮರುದಿನ ಮುಂಜಾನೆ ಟೆಂಪೋದಲ್ಲಿ ಇಳಕಲ್ಲಿಗೆ ಹೋದೆವು. ವ್ಯಾಪಾರಿ ಚೀಲ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಆಮೇಲೆ ಒಂದು ಗಜ್ಜರಿ ತೆಗೆದು ಬಗ್ಗಿಸಿದ. ಅದು ಮುರಿಯಲಿಲ್ಲ, ಬಾಗಿತು.

"ಏನಬೇ ಯವ್ವಾ, ಜಳಕಾ ಮಾಡಿಸಿ ತಂದೀರಲ್ಲ, ಇವನ್ನ ನೋಡಾಕ ವರ ಬರಾವ ಅದಾನೇನು?" ಎಂದ. ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. "ಒಳಗ ಬಿಸಿ ಆಗ್ಯಾವು. ನಾಳಿಗೆ ಲೋಳಿ ಬಿಡ್ತಾವು. ನಾ ದೂರದ ಊರಿಗೆ ಕಳಸಾವ. ಮಣ್ಣ ಇದ್ದಿದ್ರ ತಡೀತಿದ್ದುವು. ಇವಕ್ಕ ಇವತ್ತ ತಿನ್ನೋರು ಬೇಕು."

ನಾನು ತಲೆ ತಗ್ಗಿಸಿ ಬಿಚ್ಚಿದ ಚೀಲದ ಬಾಯಿ ಕಟ್ಟತೊಡಗಿದೆ. ಚಿಗವ್ವ ನನ್ನ ಕಡೆ ನೋಡಲೇ ಇಲ್ಲ. "ತೊಳಿಯೂನು ಅಂದಾಕಿ ನಾನ ರೀ" ಎಂದಳು ಅವನಿಗೆ. ಆಮೇಲೆ ಟೆಂಪೋದವನಿಗೆ, "ಇವತ್ತ ಶುಕ್ರವಾರ. ಬನಶಂಕರಿಗೆ ನಡಿ ತಮ್ಮಾ."

ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಚಟ್ನಿ, ಮೊಸರು ಇಟ್ಟುಕೊಂಡು ಗುಡಿಗೆ ಬಂದವರಿಗೆ ಬಡಿಸಿ ಮಾರುತ್ತಾರೆ; ದೇವಿಯ ವಾರವಾದ ಮಂಗಳವಾರ, ಶುಕ್ರವಾರ ಜನ ಹೆಚ್ಚು. ರೊಟ್ಟಿಯ ಪಕ್ಕಕ್ಕೆ ಹಸಿ ಗಜ್ಜರಿ, ಮೂಲಂಗಿ ಬೇಕೇ ಬೇಕು. ಅವರಲ್ಲಿ ಹಿರಿಯಳಾದವಳು ಒಂದನ್ನು ಕಚ್ಚಿ ನಿಧಾನವಾಗಿ ಅಗಿದಳು.

"ಮೆತ್ತಗ ಆಗ್ಯಾವು. ಆದ್ರ ಸಿಹಿ ಅದಾವು. ಹಲ್ಲ ಇಲ್ಲದೋರಿಗೆ ಛಲೋ" ಎಂದು ನಕ್ಕು, ಉಳಿದವರನ್ನೂ ಕೂಗಿ ಕರೆದಳು.

ಸಂಜೆಯ ಹೊತ್ತಿಗೆ ಮೂರು ಚೀಲ ಹೋದವು. ಉಳಿದ ನಾಲ್ಕು ಚೀಲ ಕುರಿಗಳ ಪಾಲಾದವು. ಹೊರಡುವಾಗ ಚಿಗವ್ವ, ಹೊಲದಲ್ಲಿ ಇನ್ನೂ ಅರ್ಧ ಇದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು.

"ಎಲ್ಲಾ ಒಮ್ಮೆ ಯಾಕ ಕೀಳ್ತಿ?" ಎಂದಳು ಹಿರಿಯಳು. "ನೆಲದಾಗ ಇರ್ಲಿ, ಕೆಡೂದಿಲ್ಲ. ಮಂಗಳವಾರ, ಶುಕ್ರವಾರ ಎರಡೆರಡ ಬುಟ್ಟಿ ಕಿತ್ತ ತಾ. ತೊಳಿಯಾಕ ಹೋಗಬ್ಯಾಡ, ನಾವ ತೊಳಕೋತೇವಿ."

ದಾರಿಯಲ್ಲಿ ಕೇಳಿದೆ: "ತಪ್ಪ ನಂದು. ಅವನ ಮುಂದ ಯಾಕ ಸುಳ್ಳ ಹೇಳಿದಿ?"

"ನೀ ಅಲ್ಲೇ ಅಳಾಕ ನಿಂತಿದ್ರ ನಿನ್ನ ಸಮಾಧಾನ ಮಾಡ್ಲೋ, ಗಜ್ಜರಿ ಮಾರ್ಲೋ?"

ಮಂಗಳವಾರ ನಸುಕಿನಲ್ಲಿ ಇಬ್ಬರೂ ಕೂತು ಎರಡು ಬುಟ್ಟಿ ಕಿತ್ತೆವು. ನಾನು ಕೈ ತೊಳೆಯಲೆಂದು ನೀರಿನ ಕೊಡದ ಕಡೆ ಹೊರಳಿದೆ. ಚಿಗವ್ವ ಬುಟ್ಟಿಗಳನ್ನು ಎತ್ತಿ ನನ್ನಿಂದ ದೂರ ಇಟ್ಟಳು.