ಮೂರು ಸಲ ಬಂದ ಹೊಲಿಗೆ ಯಂತ್ರ

ಐಟಿಐ ಒಂದರಲ್ಲಿ ಫಿಟ್ಟರ್ ವಿಭಾಗದ ತರಬೇತಿ ಅಧಿಕಾರಿಯಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಾನು ನಿವೃತ್ತನಾದ ಮರುವರ್ಷದ ಮಾತಿದು. ನೌಕರಿ ಮುಗಿದರೂ ಕೈ ಸುಮ್ಮನಿರಲಿಲ್ಲ. ಮನೆಯಲ್ಲಿ ಸರಿಯಾಗಿದ್ದ ನಳವನ್ನೇ ಬಿಚ್ಚಿ ಕೂತು ಹೆಂಡತಿಯಿಂದ ಬೈಸಿಕೊಂಡ ಮೇಲೆ, ಶಿಗ್ಗಾಂವದಲ್ಲಿ ನನ್ನಂಥದ್ದೇ ಚಟವಿದ್ದ ಐದಾರು ಜನರನ್ನು ಹುಡುಕಿ ಒಂದು ಗುಂಪು ಕಟ್ಟಿದೆ. ತಿಂಗಳಿಗೆ ನಾಲ್ಕು ರವಿವಾರ, ನಾಲ್ಕು ಊರು: ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು. ಯಾರದಾದರೂ ಖಾಲಿ ಮಳಿಗೆಯಲ್ಲಿ ಎರಡು ಮೇಜು ಹಾಕಿಕೊಂಡು, ಜನ ತಂದ ಮಿಕ್ಸರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆಗಳನ್ನು ಅವರೆದುರೇ ಬಿಚ್ಚಿ ರಿಪೇರಿ ಮಾಡಿ ಕೊಡುತ್ತಿದ್ದೆವು.

ಗುಂಪಿಗೆ ನಿಯಮ ಬರೆದವನು ನಾನೇ. ಸಾಮಾನು ಮೇಜಿಗೆ ಬರಬೇಕು, ನಾವು ಮನೆಗೆ ಹೋಗುವುದಿಲ್ಲ. ದೊಡ್ಡ ಸಾಮಾನಾದರೆ ಕೆಟ್ಟ ಭಾಗವನ್ನಷ್ಟೇ ಬಿಚ್ಚಿಕೊಂಡು ಬರಬೇಕು. ಮನೆಗೆ ಹೋಗಲು ಶುರು ಮಾಡಿದರೆ ಚಹಾ ಕುಡಿಯುವುದರಲ್ಲೇ ರವಿವಾರ ಮುಗಿಯುತ್ತದೆ ಎಂಬುದು ನನ್ನ ವಾದ. ಎಲ್ಲರೂ ಒಪ್ಪಿದ್ದರು. ಒಪ್ಪದಿದ್ದರೆ ನಾನು ಬಿಡುತ್ತಲೂ ಇರಲಿಲ್ಲ.

ಮಾಸೂರಿನ ನೀಲವ್ವ ಮೊದಲ ಸಲ ಬಂದದ್ದು ಹಿರೇಕೆರೂರಿನ ಸರದಿಯ ದಿನ. ಐವತ್ತೈದರ ಆಸುಪಾಸಿನ ಹೆಂಗಸು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಮೇಲಿನ ಭಾಗವನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಹನ್ನೆರಡು ಕಿಲೋ ತೂಕದ ಕಬ್ಬಿಣ ಅದು. ಇಪ್ಪತ್ತೆರಡು ವರ್ಷದಿಂದ ಅದೇ ಯಂತ್ರದಲ್ಲಿ ಊರ ಹೆಂಗಸರ ಕುಪ್ಪಸ, ಜಂಪರ್ ಹೊಲಿಯುತ್ತಿದ್ದವಳು.

“ದಾರ ಹರೀತೈತ್ರಿ. ಗೇಣುದ್ದ ಹೊಲಿಯೂದ್ರೊಳಗ ಗಂಟ ಬೀಳತೈತಿ” ಎಂದಳು.

ದಾರ ಹರಿಯುವುದಕ್ಕೆ ಸಾಮಾನ್ಯ ಕಾರಣ ಟೆನ್ಷನ್, ಅಂದರೆ ಮೇಲಿನ ದಾರದ ಬಿಗಿತ. ಅದನ್ನು ಸರಿಮಾಡಿದೆ. ಜಿಡ್ಡುಗಟ್ಟಿದ್ದ ಎಣ್ಣೆಯನ್ನು ಸೀಮೆಎಣ್ಣೆಯಿಂದ ತೊಳೆದೆ. ನಮ್ಮಲ್ಲಿದ್ದ ಸ್ಟ್ಯಾಂಡಿಗೆ ಕೂರಿಸಿ ಅವಳಿಗೇ ಹೊಲಿಯಲು ಹೇಳಿದೆ. ಹೊಲಿಗೆ ಗೆರೆ ಎಳೆದಷ್ಟು ನೆಟ್ಟಗೆ ಬಂತು. ಅವಳು ಕೈಮುಗಿದು ಹೋದಳು, ನಾನು ಬೀಗಿದೆ.

ಮುಂದಿನ ತಿಂಗಳು ಮತ್ತೆ ಬಂದಳು, ಅದೇ ಗಂಟು ಹೊತ್ತುಕೊಂಡು. ಮನೆಯಲ್ಲಿ ಮೊದಲಿನ ಹಾಗೆಯೇ ದಾರ ಹರಿಯುತ್ತಿದೆಯಂತೆ. ಈ ಸಲ ಶಟಲ್ ಬಿಚ್ಚಿದೆ. ಮೇಲಿನ ದಾರವನ್ನು ಕೆಳಗಿನ ದಾರದೊಂದಿಗೆ ಹೆಣೆಯುವ ಭಾಗ ಅದು. ಉಜ್ಜಿ ನುಣುಪು ಮಾಡಿದೆ, ಸೂಜಿ ಬದಲಿಸಿದೆ. ನಮ್ಮ ಸ್ಟ್ಯಾಂಡಿನ ಮೇಲೆ ಅವಳೇ ಎರಡು ತೋಳು ಹೊಲಿದಳು. ಒಂದು ಎಳೆಯೂ ಹರಿಯಲಿಲ್ಲ. “ಮನೆಯಲ್ಲಿ ಸ್ವಲ್ಪ ಸಮಾಧಾನದಿಂದ ಹೊಲಿಯಿರಿ” ಎಂದು ಉಪದೇಶ ಮಾಡಿ ಕಳಿಸಿದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ತಿಂಗಳು ಬಂದಾಗ ಅವಳು ಯಂತ್ರವನ್ನು ಮೇಜಿನ ಮೇಲಿಟ್ಟು ದೂರ ನಿಂತಳು.

“ಇದನ್ನ ಯಾರಿಗರೆ ಬೇಕಾದವರಿಗೆ ಕೊಡ್ರಿ, ಮಾಸ್ತರ್ರ. ಮಷೀನಿಗೆ ಏನೂ ಆಗಿಲ್ಲ. ಇಲ್ಲಿ ಛಲೋ ಓಡತೈತಿ, ಮನ್ಯಾಗ ನಾ ಕುಂತ್ರ ಕೆಡತೈತಿ. ಕೆಟ್ಟಿದ್ದು ನನ್ನ ಕೈರಿ.”

ಆಮೇಲೆ ಉಳಿದದ್ದನ್ನೂ ಹೇಳಿದಳು. ಅವಳು ಹೊಲಿದ ಜಂಪರಿನ ತೋಳು ಒಬ್ಬರ ಮನೆಯ ನಿಶ್ಚಿತಾರ್ಥದಲ್ಲಿ, ಎಲ್ಲರ ಎದುರೇ ಬಿಟ್ಟುಕೊಂಡಿತ್ತು. ಅಂದಿನಿಂದ ಅವಳು ಯಾರ ಬಟ್ಟೆಯನ್ನೂ ತೆಗೆದುಕೊಂಡಿರಲಿಲ್ಲ. ಒಪ್ಪಿಕೊಂಡಿದ್ದ ನಾಲ್ಕು ಮನೆಯ ಬಟ್ಟೆಯನ್ನು ಹೊಲಿಯದೆ ವಾಪಸು ಕೊಟ್ಟು ಬಂದಿದ್ದಳು. ಹೇಳುವಾಗ ಅಳಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ನಾನು ಅವಳ ಮಾತನ್ನು ನಂಬಿದೆ. ನಿಜ ಹೇಳಬೇಕೆಂದರೆ ನಂಬುವುದು ನನಗೂ ಅನುಕೂಲವಾಗಿತ್ತು. ತಪ್ಪು ಅವಳ ಕೈಯದಾದರೆ ನನ್ನ ಕೆಲಸದಲ್ಲಿ ಕೊರತೆಯಿಲ್ಲ ಎಂದಾಯಿತಲ್ಲ. ಸವಣೂರಿನಲ್ಲಿ ಹೊಲಿಗೆ ಕಲಿತ ಹುಡುಗಿಯೊಬ್ಬಳು ಯಂತ್ರ ಬೇಕೆಂದು ಕೇಳಿದ್ದಳು. ಅವಳ ಹೆಸರನ್ನು ಅಲ್ಲೇ ಬರೆದುಕೊಂಡೆ. ಸ್ಟ್ಯಾಂಡು ಮಾತ್ರ ಮಾಸೂರಿನ ಮನೆಯಲ್ಲಿತ್ತು. ಅದನ್ನು ತರಲು ಮರುದಿನ ಬೆಳಿಗ್ಗೆ ನಾನೂ ನಮ್ಮ ಗುಂಪಿನ ಬಡಿಗ ಬಸಣ್ಣನೂ ಅವನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೊರಟೆವು. ಅಲ್ಲಿಂದಲೇ ಎರಡನ್ನೂ ಸವಣೂರಿಗೆ ಒಯ್ಯೋಣವೆಂದು ಯಂತ್ರದ ತಲೆಯನ್ನೂ ಹಾಕಿಕೊಂಡೆವು. ನನ್ನ ನಿಯಮವನ್ನು ನಾನೇ ಮುರಿದದ್ದು ಹೀಗೆ, ಅದೂ ಕೊಡಲಿಕ್ಕಲ್ಲ, ಒಯ್ಯಲಿಕ್ಕೆ.

ಮನೆ ಚೊಕ್ಕಟವಾಗಿತ್ತು. ನಡುಮನೆಯ ತುಂಬ ಹೊಸ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ನೀಲವ್ವನ ಸೊಸೆ ರೇಣುಕಾ ಅಂದು ಗದ್ದೆ ಕೆಲಸಕ್ಕೆ ಹೋಗದೆ ನಮಗಾಗಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ಸ್ಟ್ಯಾಂಡು ಕಿಟಕಿಯ ಹತ್ತಿರವಿತ್ತು. ಬೋಲ್ಟ್ ಸಡಿಲಿಸಲು ಬಗ್ಗಿದವನಿಗೆ ಒಂದು ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಬಟ್ಟೆ ಕಂಡಿತು.

“ಇದ್ಯಾಕ ಇಟ್ಟೀರಿ?” ಎಂದೆ.

“ಅಲ್ಲಾಡತೈತ್ರಿ, ಅದಕ್ಕ.”

“ಯಾವಾಗಿಂದ?”

ನೀಲವ್ವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಟೈಲ್ಸ್ ಹಾಕಿಸಿದ ಮ್ಯಾಲಿಂದ.”

ನಾನು ಬೋಲ್ಟ್ ಬಿಟ್ಟು ಟಂಟಂನಿಂದ ಯಂತ್ರದ ತಲೆಯನ್ನು ತರಿಸಿದೆ. ಕೂರಿಸಿ, ಬೆಲ್ಟ್ ಹಾಕಿ, “ಒಂದ್ ಸಲ ತುಳೀರಿ” ಎಂದೆ. ಅವಳು ಒಲ್ಲೆ ಎಂದಳು. ಬಸಣ್ಣ ಬೇಡಿಕೊಂಡ ಮೇಲೆ ಕೂತಳು. ನಾನು ನೆಲದ ಮೇಲೆ ಕೂತು ಗಾಲಿಯನ್ನೇ ನೋಡುತ್ತಿದ್ದೆ. ಹತ್ತು ಸುತ್ತು ಸರಿಯಾಗಿ ತಿರುಗಿತು. ಆಮೇಲೆ ಬಟ್ಟೆಯ ಮೇಲಿದ್ದ ಕಾಲು ತಗ್ಗಿತು, ಸ್ಟ್ಯಾಂಡು ಸೊಟ್ಟಗಾಯಿತು, ಪೆಡಲು ಅರೆಕ್ಷಣ ಹಿಡಿದುಕೊಂಡಿತು. ಗಾಲಿ ಒಂದು ಬೆರಳಿನಷ್ಟು ಹಿಂದಕ್ಕೆ ತಿರುಗಿತು. ದಾರ ಹರಿಯಿತು.

ಗಾಲಿ ಹಿಂದಕ್ಕೆ ತಿರುಗಿದರೆ ದಾರ ಗಂಟಾಗಿ ಹರಿಯುತ್ತದೆ. ಹೊಲಿಗೆ ಕಲಿಯುವವರಿಗೆ ಮೊದಲ ದಿನ ಹೇಳುವ ಮಾತಿದು. ಹಿಂದೆ ಅಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿದ್ದ ಸ್ಟ್ಯಾಂಡಿನ ನಾಲ್ಕು ಕಾಲುಗಳೂ ತಮ್ಮಷ್ಟಕ್ಕೆ ತಾವೇ ಕುಣಿ ಮಾಡಿಕೊಂಡು ಗಟ್ಟಿಯಾಗಿ ಕೂತಿದ್ದವು. ಒಂದು ಕಾಲು ಸವೆದು ಅರ್ಧ ಇಂಚು ಗಿಡ್ಡವಾಗಿತ್ತು, ಅದನ್ನು ಮಣ್ಣು ಮುಚ್ಚಿಟ್ಟಿತ್ತು. ಟೈಲ್ಸ್ ಮುಚ್ಚಿಡಲಿಲ್ಲ.

ರೇಣುಕಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಅತ್ತಿ, ಅಲ್ಲಾಡತೈತಿ ಅಂತ ನನಗರೆ ಹೇಳಬಾರದೇನು?” ಎಂದಳು.

“ಹೆಂಗ ಹೇಳ್ಲೆವ್ವಾ? ನಾಟಿಗೆ ಹೋಗಿ ಹೋಗಿ ನೀ ಹಾಕಿಸಿದ ನೆಲ. ಅದ್ರ ಮ್ಯಾಲ ತಪ್ಪ ಹೊರಸ್ಲೇನು?”

“ಈಗ ಒಡಸ್ತೇನಿ. ಆ ಮೂಲಿ ನಾಕ ಟೈಲ್ಸ್ ಒಡಸ್ತೇನಿ” ಎಂದು ಸೊಸೆ ನಿಜವಾಗಿಯೇ ಹಾರೆ ತರಲು ಹೊರಟಳು. ಬಸಣ್ಣ ನಗುತ್ತ ಅಡ್ಡ ನಿಂತ. ಅವನ ಟಂಟಂನಲ್ಲಿ ಜಾಲಿ ಮರದ ಹಲಗೆಯ ತುಂಡಿತ್ತು. ಅದರಲ್ಲಿ ನಾಲ್ಕು ಗುಳಿ ಕೊರೆದು, ಗಿಡ್ಡ ಕಾಲಿನ ಗುಳಿಯನ್ನು ಅರ್ಧ ಇಂಚು ಮೇಲಿಟ್ಟು, ಅಡಿಗೆ ಹಳೆಯ ಟೈರಿನ ಪಟ್ಟಿ ಬಡಿದ. ಒಂದೂವರೆ ತಾಸಿನ ಕೆಲಸ. ನಾನು ಉಳಿ ಸುತ್ತಿಗೆ ಎತ್ತಿಕೊಡುತ್ತಿದ್ದೆ, ಅಷ್ಟೇ.

“ಮನಿಗೆ ಬಂದು ನೋಡಬೇಕಿತ್ತು ನಾನು. ತಪ್ಪಾತು” ಎಂದು ನೀಲವ್ವನಿಗೆ ಹೇಳಿದೆ.

“ನೀವು ಕೆಟ್ಟಿದ್ದನ್ನಷ್ಟ ತಾ ಅಂದ್ರಿ, ನಾ ಅಷ್ಟ ತಂದೆ” ಎಂದು ಅವಳು ಮೊದಲ ಬಾರಿ ನಕ್ಕಳು.

ಕಬ್ಬಿಣ ಕಡೆಯುವ ಲೇಥ್ ಯಂತ್ರ ಮುಟ್ಟುವ ಮೊದಲು ಅದು ನಿಂತ ನೆಲದ ಮಟ್ಟ ನೋಡಬೇಕೆಂದು ಮೂವತ್ತೊಂದು ವರ್ಷ ಹುಡುಗರಿಗೆ ಪಾಠ ಹೇಳಿದ್ದೇನೆ. ಅದನ್ನು ಮರೆತದ್ದು ದೊಡ್ಡ ಮಾತಲ್ಲ, ಮರೆವು ಯಾರಿಗಾದರೂ ಬರುತ್ತದೆ. ಒಬ್ಬ ಹೆಂಗಸು “ತಪ್ಪು ನನ್ನದು” ಎಂದ ಕೂಡಲೇ ನಾನು ಹುಡುಕುವುದನ್ನು ನಿಲ್ಲಿಸಿದೆನಲ್ಲ, ಅದು ದೊಡ್ಡ ಮಾತು. ಬಡವರು, ಅದರಲ್ಲೂ ಹೆಂಗಸರು, ಕೆಟ್ಟದ್ದಕ್ಕೆಲ್ಲ ತಮ್ಮನ್ನೇ ಬೈದುಕೊಳ್ಳುವುದು ರೂಢಿ. ರಿಪೇರಿ ಮಾಡುವವನು ಅದನ್ನು ನಂಬಬಾರದು. ಅವರು ಹಾಗೆಂದಾಗಲೇ ಇನ್ನೊಮ್ಮೆ ಬಿಚ್ಚಿ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಸವಣೂರಿನ ಹುಡುಗಿಗೆ ಬೇರೆ ಯಂತ್ರ ಹುಡುಕಲು ಎರಡು ತಿಂಗಳು ಹಿಡಿಯಿತು, ಅವಳು ಬೇಸರಿಸಿಕೊಳ್ಳದೆ ಕಾದಳು.

ಅಂದು ಹಲಗೆಯ ಮೇಲೆ ಸ್ಟ್ಯಾಂಡು ಕೂರಿಸಿದ ಮೇಲೆ ನೀಲವ್ವ ಚಿಂದಿ ಬಟ್ಟೆಯ ಮೇಲೆ ಬರೀ ಗೇಣುದ್ದ ಹೊಲಿದು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಮಾರು ಉದ್ದ ನಿಲ್ಲದೆ ಹೊಲಿದಳು, ತಿರುಗಿಸಿ ಮತ್ತೊಂದು ಮಾರು ಹೊಲಿದಳು. ಹೊಲಿಗೆಯನ್ನು ಎರಡೂ ಕಡೆಯಿಂದ ಜಗ್ಗಿ ನೋಡಿದಳು. ಒಂದು ಎಳೆಯೂ ಬಿಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗೆ ಹೊಂಟ್ರಿ ಅತ್ತಿ? ಒಗ್ಗರಣಿ ಆಗೇತಿ” ಎಂದಳು ರೇಣುಕಾ.

“ಮಾಸ್ತರಿಗೆ ಬಡಸು, ಬಂದೆ. ಆ ನಾಕು ಮನಿಯಾವ್ರು ಬಟ್ಟಿ ಬ್ಯಾರೆ ಕಡೆ ಕೊಟ್ಟಗಿಟ್ಟಾರು” ಎಂದವಳೇ ಬೀದಿಗಿಳಿದಳು.