ನಾನು ಹೋದ ದಿನ ಬಾರದ ಮಕ್ಕಳು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ರಜೆಯ ಅರ್ಜಿ ಮತ್ತು ವರದಿಗಳ ಹೊರತಾಗಿ ನಾನು ಈವರೆಗೆ ಏನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಶಿಕಾರಿಪುರದ ಪ್ರೌಢಶಾಲೆಯೊಂದರಲ್ಲಿ ಸಹಶಿಕ್ಷಕನಾಗಿದ್ದು, ಶಿಕ್ಷಣ ವಿಷಯದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆ. ನಮ್ಮ ದಲಿತ ಕೇರಿಯಲ್ಲಿ ಅಷ್ಟು ಓದಲು ಹೊರಟವರು ಮೊದಲು ಯಾರೂ ಇರಲಿಲ್ಲ. ದಲಿತ ಮಕ್ಕಳನ್ನು ತರಗತಿಯಲ್ಲಿ ಎಷ್ಟರಮಟ್ಟಿಗೆ ಮಾತನಾಡಿಸಲಾಗುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ. ಸೊರಬ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಹಿಂದೆ ಕುಳಿತು ಗಮನಿಸಲು ಅನುಮತಿ ದೊರೆತಿತ್ತು. ಭೇಟಿಯ ದಿನಾಂಕಗಳನ್ನು ಸದರಿ ಶಾಲೆಗಳಿಗೆ ಮುಂಚಿತವಾಗಿ ತಿಳಿಸಲಾಗಿತ್ತು.

ಹೋದಲ್ಲೆಲ್ಲ ಪಾಠ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಆದರೆ ನಾನು ನೋಡಬೇಕಾದ ಮಕ್ಕಳೇ ಬಂದಿರುತ್ತಿರಲಿಲ್ಲ. ಒಂದು ಕಡೆ ಕೊಯ್ಲು ಎಂದರು, ಇನ್ನೊಂದು ಕಡೆ ಜ್ವರ ಎಂದರು. ನಂಬಿದೆ. ಒಂದು ಮಧ್ಯಾಹ್ನ ಅಂಥದೇ ಒಂದು ಶಾಲೆಯಿಂದ ಹೊರಟು ರಸ್ತೆಯ ತಿರುವಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದಾಗ, ಆ ಊರ ಕೇರಿಯ ಹೆಂಗಸೊಬ್ಬರು ಮಗಳೊಡನೆ ಬಂದು ಹುಲ್ಲಿನ ಹೊರೆ ಇಳಿಸಿ ಕುಳಿತರು. ಮಗುವನ್ನು ಶಾಲೆಗೆ ಏಕೆ ಕಳಿಸಲಿಲ್ಲವೆಂದು ಕೇಳಿದೆ.

"ಮೇಷ್ಟ್ರೇ ಬ್ಯಾಡ ಅಂದಿದಾರೆ ಕಣ್ರೀ. ಇವತ್ತು ಯಾರೋ ಸಾಹೇಬ್ರು ಬರ್ತಾರಂತೆ. ಹಿಂದೆ ಕೂತ್ಕಂಡು ಎಲ್ಲಾ ಬರ್ಕಳ್ತಾರಂತೆ. ಓದಾಕೆ ಬರದಿರೋ ಮಕ್ಳು ಕಂಡ್ರೆ ಮೇಷ್ಟ್ರಿಗೇ ಕುತ್ತಂತೆ. ಭಾರೀ ಮನ್ಷ ಇರಬೇಕು. ನೀವೇನಾರ ಕಂಡ್ರಾ?"

ಕಾಣಲಿಲ್ಲವೆಂದೆ.

ಬಸ್ಸು ಹತ್ತಿ ಭೇಟಿಗಳ ಪಟ್ಟಿ ತೆಗೆದು ನೋಡಿದೆ; ಎಲ್ಲ ಕಡೆಗೂ ದಿನಾಂಕ ಮೊದಲೇ ಹೋಗಿತ್ತು. ಮುಂದಿನ ತಿಂಗಳು ಸಂಶೋಧನಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕಿತ್ತು. ಸಮಿತಿ ಒಪ್ಪದಿದ್ದಲ್ಲಿ ನೋಂದಣಿ ರದ್ದಾಗುವುದು ಖಚಿತ. ಮಕ್ಕಳಿರಲಿಲ್ಲವೆಂದು ಹೇಳಿದರೆ ಅಧ್ಯಯನವೇ ಇಲ್ಲವಾಗುತ್ತಿತ್ತು. ಕಾರಣ ಹೇಳಿದರೆ ನನ್ನದೇ ಇಲಾಖೆಯ ಶಿಕ್ಷಕರ ಮೇಲೆ ದೂರು ಕೊಟ್ಟಂತಾಗುತ್ತಿತ್ತು. ನಾಳೆ ನಾನು ಅವರ ನಡುವೆಯೇ ಬದುಕಬೇಕಾದವನು.

ಶಿಕಾರಿಪುರದಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯ ಉಪನ್ಯಾಸಕಿಯೊಬ್ಬರಿದ್ದರು. ಲಂಬಾಣಿ ತಾಂಡಾದಿಂದ ಬಂದು ಡಾಕ್ಟರೇಟ್ ಪಡೆದಿದ್ದವರು. ಭಾನುವಾರಗಳಂದು ನನ್ನಂಥವರನ್ನು ಮನೆಗೆ ಕರೆದು, ಎದುರಿಗೆ ನಿಲ್ಲಿಸಿ, ತಾವೇ ಪರೀಕ್ಷಕರಂತೆ ಪ್ರಶ್ನೆ ಹಾಕಿ ತಯಾರು ಮಾಡುತ್ತಿದ್ದರು. ಅವರಿಗೆ ಎಲ್ಲವನ್ನೂ ತಿಳಿಸಿದೆ.

"ನಿಮ್ಮನ್ನೂ ಹಿಂಗೇ ಬರಬ್ಯಾಡ ಅಂದಿದ್ರೇನ್ರೀ, ಚಿಕ್ಕೋರಿದ್ದಾಗ?"

"ಹೌದು ಮೇಡಂ. ಇನ್‌ಸ್ಪೆಕ್ಟರು ಬರೋ ದಿನ. ರಜಾ ಸಿಕ್ತು ಅಂತ ಕುಣೀತಿದ್ವಿ."

"ಈಗ ನೀವೇ ಇನ್‌ಸ್ಪೆಕ್ಟರು ಆದ್ರಲ್ಲ. ಬಡ್ತಿ." ನಕ್ಕರು. ನನಗೆ ನಗು ಬರಲಿಲ್ಲ. "ಅದನ್ನೇ ಸಮಿತಿ ಮುಂದೆ ಹೇಳ್ರಿ."

"ಹೆದರಿಕೆ ಆಗ್ತದೆ ಮೇಡಂ."

"ಹೆದರ್ಕಂಡೇ ಹೇಳ್ರಿ. ಹೆದರಬ್ಯಾಡ್ರಿ ಅಂತ ನಾನೆಲ್ಲಿ ಅಂದೆ? ನಡೀರಿ, ನಿಂತ್ಕಳ್ರಿ, ಮೊದಲಿಂದ."

ಸಮಿತಿಯ ದಿನ ಅವರೂ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಹಿರಿಯ ಸದಸ್ಯರೊಬ್ಬರು, "ತರಗತಿಯಲ್ಲೇ ಇಲ್ಲದ ಮಕ್ಕಳನ್ನು ಹೇಗೆ ಅವಲೋಕಿಸಿದಿರಿ?" ಎಂದು ಕೇಳಿದರು. "ಉಳಿದ ದಿನ ಇರ್ತಾರೆ ಸರ್. ನಾನು ಬರ್ತೀನಿ ಅಂತ ಗೊತ್ತಾದ ದಿನ ಇರಲ್ಲ," ಎಂದೆ. ಬಸ್ಸಿನ ತಿರುವಿನ ಸಂಗತಿಯನ್ನೂ ನನ್ನ ಬಾಲ್ಯದ ಸಂಗತಿಯನ್ನೂ ಹೇಳಿದೆ. ಯಾರೂ ತಲೆದೂಗಲಿಲ್ಲ. ಮುನ್ಸೂಚನೆಯಿಲ್ಲದೆ ಮತ್ತೆ ಹೋಗಿ ನೋಡಿ ಬರಬೇಕು, ಆಗಲೂ ಸಾಕ್ಷ್ಯ ಸಿಗದಿದ್ದರೆ ನೋಂದಣಿ ಮುಂದುವರಿಯದು ಎಂದು ತೀರ್ಮಾನವಾಯಿತು. ಉಪನ್ಯಾಸಕಿಯವರು ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದು, ದಿನಾಂಕ ನಮೂದಿಸದ ಅನುಮತಿಯನ್ನು ಕೊಡಿಸಿದರು.

ಮಳೆ ಬಿಟ್ಟ ಒಂದು ಸೋಮವಾರ ಸೊರಬದಲ್ಲಿ ಬಸ್ಸು ಬದಲಿಸಿ ಆ ತಿರುವಿನ ಬಳಿಯ ಶಾಲೆಗೇ ಮತ್ತೆ ಹೋದೆ. ಮುಖ್ಯ ಶಿಕ್ಷಕರು ಗೇಟಿನಲ್ಲೇ ತಡೆದರು.

"ಏನ್ ಸಾರ್, ಇವತ್ತು ಬರ್ತೀನಿ ಅಂತ ಒಂದು ಮಾತು ತಿಳಿಸಬಾರದಿತ್ತಾ?"

ಅನುಮತಿಯನ್ನು ಅವರ ಕೈಗಿತ್ತೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ಪಕ್ಕಕ್ಕೆ ಸರಿದರು. ತರಗತಿಯಲ್ಲಿ ಗೋಡೆಯ ಬದಿಗೆ, ಉಳಿದವರಿಂದ ಒಂದು ಚಾಪೆಯಷ್ಟು ದೂರದಲ್ಲಿ, ಕೇರಿಯ ಮಕ್ಕಳು ಕುಳಿತಿದ್ದರು. ಹುಲ್ಲಿನ ಹೊರೆಯ ತಾಯಿಯ ಮಗಳೂ ಅಲ್ಲಿದ್ದಳು. ಅವರ ಪಕ್ಕ ನೆಲದ ಮೇಲೆ ಕುಳಿತೆ. ಪೆನ್ನು ತೆರೆದು ದಿನಾಂಕ ಬರೆದು, ಅವರನ್ನು ಎಣಿಸಿ ಬರೆದುಕೊಂಡೆ. ಮೇಷ್ಟ್ರು ನನ್ನನ್ನು ಒಮ್ಮೆ, ಆ ಮಕ್ಕಳನ್ನು ಒಮ್ಮೆ ನೋಡಿ ಪಾಠ ಆರಂಭಿಸಿದರು.