ಮಾಮ ಕಟ್ಟಿದ ಕಟಿಂಗ್ ಮಿಷಿನ್ನು

ಮೊನ್ನೆ ಬೆಳಿಗ್ಗೆ ಮಗನ ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಸ್ವಲ್ಪ ಹೊತ್ತಿಗೆ ನೀರೆಲ್ಲ ನೀಲಿಯಾಯಿತು. ಹಿಂಡುವಾಗ ನನ್ನ ಉಗುರಿನ ಸಂದಿಗೂ ಆ ನೀಲಿ ಹತ್ತಿತು. ಸೋಪು ಹಾಕಿ ಉಜ್ಜಿದೆ, ನಿಂಬೆಹೋಳಿನಿಂದ ತಿಕ್ಕಿದೆ, ಹೋಗಲಿಲ್ಲ. ಅದೇ ಬೆರಳುಗಳಲ್ಲಿ ಚಹಾದ ಲೋಟ ಹಿಡಿದು ಕೂತಾಗ ಬಳ್ಳಾರಿಯಿಂದ ಅತ್ತೆಯ ಫೋನು ಬಂತು. ಮಾಮನ ಮಿಷಿನ್ನು ನೋಡಲು ನಾಳೆ ಯಾರೋ ಬರುತ್ತಾರಂತೆ, ಓಡಿಸಿ ತೋರಿಸಲು ನಾನು ಬರಬೇಕಂತೆ. ಬರ್ತೀನಿ ಅತ್ತಿ ಅಂದೆ. ಫೋನಿಟ್ಟ ಮೇಲೆ ಚಹಾ ಕುಡಿಯಲು ಮನಸ್ಸಾಗಲಿಲ್ಲ.

ಮಾಮ ಅಂದರೆ ನಮ್ಮವ್ವನ ತಮ್ಮ, ಅತ್ತೆ ಅವನ ಹೆಂಡತಿ. ಹುಟ್ಟಿದ್ದು ಕುರುಗೋಡಿನಲ್ಲಿ. ಮೀಸೆ ಚಿಗುರುವ ಮೊದಲೇ ಬಳ್ಳಾರಿಗೆ ಬಂದು, ಜೀನ್ಸ್ ಹೊಲಿಯುವ ಯುನಿಟ್ಟೊಂದರಲ್ಲಿ ದಾರ ಕತ್ತರಿಸುವುದರಿಂದ ಶುರು ಮಾಡಿ ಕಟಿಂಗ್ ಮಾಸ್ತರ್ ಆದವನು. ನೀವು ಈ ಕಡೆಯವರಲ್ಲದಿದ್ದರೆ ಆ ಹುದ್ದೆಯ ತೂಕ ತಿಳಿಯುವುದು ಕಷ್ಟ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಎಲ್ಲಕ್ಕಿಂತ ಮೇಲಿನ ಪದರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಭಾರದ ಕಟಿಂಗ್ ಮಿಷಿನ್ನನ್ನು ಕೈಯಲ್ಲಿ ಹಿಡಿದು ಆ ಗೆರೆಯ ಮೇಲೆಯೇ ನಡೆಸಿಕೊಂಡು ಹೋಗಬೇಕು. ಗೆರೆ ಬಿಟ್ಟರೆ ಹಾಳಾಗುವುದು ಒಂದು ಪ್ಯಾಂಟಲ್ಲ, ಇಡೀ ರಾಶಿ. ಹಾಗಾಗಿ ಮಾಲೀಕರು ಕೂಡ ಅವನು ಮೇಜಿನ ಹತ್ತಿರ ಇದ್ದಾಗ ದನಿ ಏರಿಸುತ್ತಿರಲಿಲ್ಲ.

ಬೇರೆ ಮಾಸ್ತರುಗಳು ರಟ್ಟಿನ ಅಚ್ಚು ಇಟ್ಟು ಅದರ ಸುತ್ತ ಗೆರೆ ಎಳೆಯುತ್ತಾರೆ. ಮಾಮನೂ ಉಳಿದೆಲ್ಲ ಕಡೆ ಅಚ್ಚೇ ಇಡುತ್ತಿದ್ದ. ಆದರೆ ಸೊಂಟದಿಂದ ತೊಡೆಗೆ ಇಳಿಯುವ ಆ ಒಂದು ಬಳುಕನ್ನು ಮಾತ್ರ ಬರಿಗೈಯಲ್ಲಿ ಎಳೆಯುತ್ತಿದ್ದ. ಅವನಿಗೆ ಕೆಲಸ ಕಲಿಸಿದವರ ಪದ್ಧತಿಯಂತೆ ಅದು. ಅಲ್ಲಿಯೂ ಅಚ್ಚು ಇಡುವವನನ್ನು ಅವರು ಅರ್ಧ ಮಾಸ್ತರ್ ಎಂದು ಕರೆಯುತ್ತಿದ್ದರಂತೆ. ಮಾಮನ ಪ್ಯಾಂಟು ಕೂತಾಗ ಬಿಗಿಯುವುದಿಲ್ಲ, ನಿಂತಾಗ ಜೋಲುವುದಿಲ್ಲ ಎಂದು ಊರೆಲ್ಲ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ಗಂಡನಿಗೂ ಒಂದು ಹೊಲಿಸಿಕೊಟ್ಟಿದ್ದ. ಹೊಟ್ಟೆ ಬಂದು ಅದು ಹತ್ತದಂತಾದರೂ ಇವರು ಬಿಸಾಡಲು ಬಿಡುವುದಿಲ್ಲ.

ಅವನ ಬಲಗೈ ನಡುಗಲು ಶುರುವಾದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಟೀವಿ ನೋಡುವಾಗ ತೊಡೆಯ ಮೇಲಿಟ್ಟ ಕೈ ತನ್ನಷ್ಟಕ್ಕೆ ಅಲುಗುತ್ತಿತ್ತು. ಅತ್ತೆ ಶುಗರ್ ಇರಬೇಕು ಎಂದಳು, ಅವ್ವ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಡಾಕ್ಟರು ನರದ ಕಾಯಿಲೆ ಎಂದು ಗುಳಿಗೆ ಬರೆದುಕೊಟ್ಟರು. ಮಾಮ ಮೂವರ ಮಾತಿಗೂ ತಲೆ ಆಡಿಸಿದ. ಒಮ್ಮೆ ನಾನು ಹೋಗಿದ್ದಾಗ ನನ್ನನ್ನು ಕೂರಿಸಿಕೊಂಡು ತೋರಿಸಿದ.

“ನೋಡವ್ವ, ಸುಮ್ಮನ ಕುಂತಾಗಷ್ಟ ನಡುಗತೈತಿ. ಸೀಮೆಸುಣ್ಣ ಹಿಡಿದೆ ಅಂದ್ರ ನಿಂತುಬಿಡತೈತಿ.”

ಹಿಡಿದ. ನಿಜಕ್ಕೂ ನಿಂತಿತು. ಅವನ ಮುಖ ಅರಳಿತು, ನನಗೂ ಸಮಾಧಾನವಾಯಿತು. ಆ ಒಂದು ನಂಬಿಕೆಯ ಮೇಲೆ ಅವನ ದಿನಗಳು ನಡೆಯುತ್ತಿದ್ದವು. ಊಟ ಚೆಲ್ಲಿದರೂ, ಅಂಗಿಯ ಗುಂಡಿ ಅತ್ತೆ ಹಾಕಬೇಕಾಗಿ ಬಂದರೂ, ಸೀಮೆಸುಣ್ಣ ಹಿಡಿದರೆ ಕೈ ತನ್ನದೇ ಎಂದು ತಿಳಿದಿದ್ದ.

ಆಮೇಲೆ ಒಂದು ರಾಶಿ ಕೆಟ್ಟಿತು. ಮಾಲೀಕರು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ವಯಸ್ಸಾಯಿತು ಮಾಸ್ತರ್, ಪ್ಯಾಕಿಂಗ್ ಕಡೆ ಕುಂತ್ಕೊಳ್ರಿ ಎಂದು ಕುರ್ಚಿ ಹಾಕಿಸಿಕೊಟ್ಟರು. ಮಾಮ ಅಲ್ಲಿ ಕೂತು ಪ್ಲಾಸ್ಟಿಕ್ ಚೀಲಕ್ಕೆ ಪ್ಯಾಂಟು ತುಂಬತೊಡಗಿದ. ಬ್ಲೇಡು ಮೊಂಡಾಗಿತ್ತು, ಮಿಷಿನ್ನಿನ ಭಾರವನ್ನು ನನ್ನ ರಟ್ಟೆ ತಡೆಯಲಿಲ್ಲ, ಗೆರೆ ಮಾತ್ರ ಸರಿಯಾಗಿಯೇ ಇತ್ತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮಾಲೀಕರೂ ಒಂದು ಮಾತು ಕೊಟ್ಟಿದ್ದರು. ಬೇರೆ ಹೇಗಾದರೂ ಒಂದು ಸ್ಯಾಂಪಲ್ ಪೀಸು ಸರಿಯಾಗಿ ಕೊಯ್ದು ತಂದರೆ, ಸಣ್ಣ ಆರ್ಡರುಗಳ ಕಟಿಂಗು ಮತ್ತೆ ಅವನದೇ.

ಆ ಮಾತು ಹಿಡಿದುಕೊಂಡೇ ಮಾಮ ಮಿಷಿನ್ನು ಕಟ್ಟಲು ಹೊರಟ. ಫೋನಿನಲ್ಲಿ ಯಾರೋ ಮನೆಯಲ್ಲೇ ಕಟ್ಟಿದ ಮಿಷಿನ್ನಿನ ವಿಡಿಯೋ ನೋಡಿದ್ದನಂತೆ. ಕಂಪ್ಯೂಟರಿನಲ್ಲಿ ಗೆರೆ ಹಾಕಿದರೆ ಬ್ಲೇಡು ತಾನೇ ಆ ಗೆರೆಯ ಮೇಲೆ ಓಡುತ್ತದೆ. “ಗೆರಿ ನಂದು, ಕೊಯ್ಯೋದು ಅದರದು” ಎಂದು ನನಗೆ ಫೋನು ಮಾಡಿದ. ನಾನು ಸಿರುಗುಪ್ಪದಲ್ಲಿ ಸಣ್ಣ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡವಳು. ನನಗೆ ಬರುತ್ತಿದ್ದ ಕಂಪ್ಯೂಟರು ಎಂದರೆ ಪಹಣಿ ತೆಗೆಯುವುದು, ಆಧಾರಿನ ಅರ್ಜಿ ತುಂಬುವುದು, ಮದುವೆ ಕಾರ್ಡಿಗೆ ಗಣಪತಿ ಕೂರಿಸುವುದು. ಆದರೆ ಮಾಮನ ಪಾಲಿಗೆ ಪ್ರಿಂಟರಿನಲ್ಲಿ ಸಿಕ್ಕ ಕಾಗದ ಬಿಡಿಸುವವಳೂ ಇಂಜಿನಿಯರೇ. ನನಗೂ ಹಾಗೆ ಕರೆಸಿಕೊಳ್ಳುವ ಆಸೆ ಇಲ್ಲದಿರಲಿಲ್ಲ.

ಹೀಗೆ ರಜೆ ಸಿಕ್ಕಾಗಲೆಲ್ಲ ಸಿರುಗುಪ್ಪದ ಬಸ್ಸು ಹತ್ತಿ ಬಳ್ಳಾರಿಗೆ ಹೋಗತೊಡಗಿದೆ. ಮಾಮನ ಮನೆ ಕೋಟೆ ಗುಡ್ಡದ ಬುಡದ ಓಣಿಯಲ್ಲಿತ್ತು. ಮುಂದಿನ ಕೋಣೆಯ ಮಂಚ ಹೊರಗೆ ಹೋಯಿತು, ಕಬ್ಬಿಣದ ಚೌಕಟ್ಟು ಒಳಗೆ ಬಂತು. ಕೆಟ್ಟ ಝೆರಾಕ್ಸ್ ಮಿಷಿನ್ನುಗಳ ಮೋಟರುಗಳನ್ನು ಗುಜರಿಯಲ್ಲಿ ಆರಿಸಿ ತಂದ. ಅವುಗಳಿಗೆ ಆಜ್ಞೆ ಕೊಡುವ ಅಂಗೈಯಗಲದ ಬೋರ್ಡನ್ನು ನಾನು ಆನ್‌ಲೈನಿನಲ್ಲಿ ತರಿಸಿದೆ. ಒಂದು ಮೋಟರು ಉದ್ದಕ್ಕೆ ಎಳೆಯಬೇಕು, ಇನ್ನೊಂದು ಅಡ್ಡಕ್ಕೆ. ಎರಡೂ ಹೊಂದಿಕೊಂಡು ನಡೆದರೆ ಬಳುಕು ಬರುತ್ತದೆ. ಗಂಡ ಹೆಂಡಿರಂತೆ ಎಂದು ಮಾಮ ಹೇಳಿದ್ದಕ್ಕೆ ಅತ್ತೆ ಒಳಗಿನಿಂದಲೇ ಹಾಗಾದರೆ ಇದು ಓಡಿದಂತೆಯೇ ಅಂದಳು.

ನಿಜಕ್ಕೂ ಬಹಳ ದಿನ ಓಡಲಿಲ್ಲ. ಪಕ್ಕದ ಮನೆಯಲ್ಲಿ ಹೊಲಿಗೆ ಮೋಟರು ಶುರುವಾದರೆ ನಮ್ಮ ಮಿಷಿನ್ನು ಅರ್ಧಕ್ಕೆ ನಿಂತು ತಾನೆಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಿತ್ತು. ಅರ್ಥಿಂಗ್ ಸರಿಯಿಲ್ಲ ಎಂದು ಗೊತ್ತಾದ ಮೇಲೆ, ಬಿಸಿಲಿಗೆ ಒಣಗಿದ್ದ ಅರ್ಥಿನ ಗುಂಡಿಗೆ ಅತ್ತೆ ದಿನಾಲು ಉಪ್ಪುನೀರು ಸುರಿದಳು. ಜೀನ್ಸಿನ ನಯವಾದ ಧೂಳು ಹಳಿಗಳಲ್ಲಿ ಕೂತು ಮೆತ್ತನೆಯ ನೀಲಿ ಹತ್ತಿಯಾಗುತ್ತಿತ್ತು, ಹಳೆ ಬ್ರಷ್ಷಿನಿಂದ ತೆಗೆಯಬೇಕಿತ್ತು. ಒಂದು ಅಮಾವಾಸ್ಯೆಯ ಮರುದಿನವಂತೂ ಬ್ಲೇಡು ಹಿಡಿದ ಭಾಗ ನಿಲ್ಲಬೇಕಾದಲ್ಲಿ ನಿಲ್ಲದೆ ಹೋಗಿ ಚೌಕಟ್ಟಿಗೆ ಢಿಕ್ಕಿ ಹೊಡೆಯಿತು. ತಂತಿ ಬಿಚ್ಚಿ, ಬೋರ್ಡು ಬಿಚ್ಚಿ, ನಾನು ಸೋತು ಕೂತಾಗ ಕಾರಣ ಕಂಡಿತು. ಅತ್ತೆ ಅಮಾವಾಸ್ಯೆ ಪೂಜೆ ಮಾಡಿ ಮಿಷಿನ್ನಿನ ಒಂದೊಂದು ಭಾಗಕ್ಕೂ ವಿಭೂತಿ ಹಚ್ಚಿದ್ದಳು, ಮೂಲೆಗೆ ಬಂದಾಗ ನಿಲ್ಲು ಎಂದು ಹೇಳುವ ಸಣ್ಣ ಸ್ವಿಚ್ಚಿಗೂ. ವಿಭೂತಿ ಒಣಗಿ ಸ್ವಿಚ್ಚು ಕಚ್ಚಿಕೊಂಡಿತ್ತು. ಮುಂದಿನ ಅಮಾವಾಸ್ಯೆಯಿಂದ ಚೌಕಟ್ಟಿಗೆ ಮಾತ್ರ ಪೂಜೆ ಎಂದು ತೀರ್ಮಾನವಾಯಿತು. ನಾವು ಅಷ್ಟು ನಕ್ಕದ್ದು ಅದೇ ಕೊನೆಯಿರಬೇಕು.

ಏಕೆಂದರೆ ಆಮೇಲೆ ಬಂದದ್ದು ನಡುಕ. ಬ್ಲೇಡಿನ ಬದಲು ಪೆನ್ನು ಕಟ್ಟಿ ಕಾಗದದ ಮೇಲೆ ಓಡಿಸಿ ನೋಡುತ್ತಿದ್ದೆವು. ಮಾಮ ದೊಡ್ಡ ಖಾಕಿ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ತನ್ನ ಗೆರೆ ಎಳೆದುಕೊಟ್ಟಿದ್ದ. ನಾನು ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ್ದೆ. ಫೋಟೋದ ಗೆರೆಯ ಅಂಚನ್ನು ಕಂಪ್ಯೂಟರು ತಾನೇ ಹಿಡಿದುಕೊಂಡು ಮಿಷಿನ್ನಿಗೆ ಹೇಳುತ್ತದೆ. ಸೊಂಟದ ಬಳುಕಿಗೆ ಬಂದಾಗ ಪೆನ್ನು ಸಣ್ಣಗೆ ಕಂಪಿಸುತ್ತಿತ್ತು. ಕಾಗದದ ಮೇಲೆ ಗರಗಸದ ಹಲ್ಲಿನಂಥ ಗೆರೆ ಮೂಡುತ್ತಿತ್ತು. ಬಟ್ಟೆಯ ಮೇಲೂ ಅಷ್ಟೇ. ಅಂಥ ಅಂಚನ್ನು ಹೊಲಿದರೆ ಸೊಂಟ ಮುದುಡುತ್ತದೆ, ಸ್ಯಾಂಪಲ್ಲು ಮಾಲೀಕರ ಮುಂದೆ ಇಡುವಂತೆಯೇ ಇರಲಿಲ್ಲ.

ಬೆಲ್ಟು ಬಿಗಿ ಮಾಡಿದೆವು, ಸಡಿಲ ಮಾಡಿದೆವು. ಮೋಟರಿನ ಕೆಳಗೆ ರಬ್ಬರು ಹಾಕಿದೆವು. ವೇಗ ಇಳಿಸಿದೆವು. ಹೊಸ ಹಳಿ ಕೂರಿಸಿದೆವು. ಪ್ಯಾಕಿಂಗ್ ಕೆಲಸದಿಂದ ಬಂದ ಮಾಮ ಕೈಕಾಲು ತೊಳೆಯದೆ ನೇರ ಮಿಷಿನ್ನಿನ ಪಕ್ಕ ಮಂಡಿಯೂರಿ ಕೂಡುತ್ತಿದ್ದ. ಇದಕ್ಕ ಎಲ್ಲೋ ಚಳಿ ಹತ್ತೈತಿ ಎಂದು ಬೈಯುತ್ತಿದ್ದ. ನನಗೆ ಗೊತ್ತಿದ್ದದ್ದೆಲ್ಲ ಖಾಲಿಯಾಗಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಗದ್ದೆಗಳನ್ನು ನೋಡುತ್ತ, ಇದು ಓಡದಿದ್ದರೆ ಇವನ ಗತಿಯೇನು ಎಂದು ಯೋಚಿಸುತ್ತಿದ್ದೆ.

ಕೊನೆಗೆ ದೋಷ ಹಿಡಿದದ್ದು ಮಾಮನೇ. ಒಂದು ಮಧ್ಯಾಹ್ನ, ನೀನೇ ಕಂಪ್ಯೂಟರಿನಲ್ಲಿ ಒಂದು ಚಕ್ರ ಬರೆದು ಓಡಿಸು ಎಂದ. ಓಡಿಸಿದೆ. ಚಕ್ರ ಬಳೆಯಷ್ಟು ನುಣುಪಾಗಿ ಬಂತು. ಈಗ ನನ್ನ ಗೆರೆ ಹಚ್ಚು ಎಂದ. ನಡುಗಿತು. ಮತ್ತೊಂದು ಹಾಳೆಯ ಮೇಲೆ ಅದನ್ನೇ ಹಚ್ಚಿಸಿದ. ಗೆರೆಯ ಆ ಎರಡೂ ಹಾಳೆ ಎತ್ತಿಕೊಂಡು, ಒಂದರ ಮೇಲೊಂದು ಇಟ್ಟು, ಬಾಗಿಲ ಬೆಳಕಿಗೆ ಹಿಡಿದ. ಎಡಗೈಯಿಂದ ಹಿಡಿದಿದ್ದ. ಒಂದರ ಹಲ್ಲು ಇನ್ನೊಂದರ ಹಲ್ಲಿನ ಮೇಲೆ ಸರಿಯಾಗಿ ಕೂತಿತ್ತು. ಮಿಷಿನ್ನು ಸಡಿಲವಾಗಿದ್ದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಡುಗಬೇಕು. ಇದು ಅದದೇ ಜಾಗದಲ್ಲಿ, ಅಷ್ಟಷ್ಟೇ ನಡುಗಿತ್ತು.

ನನಗೆ ಇನ್ನೂ ಹೊಳೆದಿರಲಿಲ್ಲ. ಅವನು ತಾನು ಎಳೆದಿದ್ದ ಮೂಲ ಹಾಳೆಯನ್ನು ತಂದು ಸೀಮೆಸುಣ್ಣದ ಆ ದಪ್ಪ ಗೆರೆಯ ಅಂಚಿನ ಮೇಲೆ ಉಗುರು ಆಡಿಸಿದ. ಬಹಳ ಹೊತ್ತು ಆಡಿಸಿದ.

“ಮಿಷಿನ್ ಚಲೋ ಐತವ್ವ,” ಅಂದ. “ನಾನು ಹೆಂಗ ಬರದೀನೋ ಹಂಗ ಕೊಯ್ಯಾಕತ್ತೈತಿ.”

ಕಂಪ್ಯೂಟರಿನಲ್ಲಿ ಆ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲಿ ಆ ಹಲ್ಲುಗಳೆಲ್ಲ ಇದ್ದವು. ತೆಳುವಾಗಿ ಎಳೆಯುತ್ತಿದ್ದವನು ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ದಪ್ಪಗೆ ಎಳೆಯತೊಡಗಿದ್ದು ಯಾವಾಗಿನಿಂದ, ಏಕೆ ಎಂದು ಅವನಿಗಾದರೂ ತಿಳಿದಿತ್ತೋ ಇಲ್ಲವೋ. ಕಣ್ಣಿಗೆ ಕಾಣದಷ್ಟು ಸಣ್ಣ ಕಂಪನ ಆ ದಪ್ಪದೊಳಗೆ ಅಡಗಿ ಕೂತಿತ್ತು. ನಾವಿಬ್ಬರೂ ಸೇರಿ, ಅಷ್ಟು ಕಷ್ಟಪಟ್ಟು, ಅವನ ಕೈಯ ಮೇಲೆ ಸಾಕ್ಷಿ ಹೇಳುವ ಮಿಷಿನ್ನನ್ನು ಕಟ್ಟಿದ್ದೆವು. ಆ ಹೊತ್ತಿನ ಸಂಕಟವನ್ನು ನಾನು ಈಗಲೂ ಯಾರಿಗೂ ಸರಿಯಾಗಿ ಹೇಳಲಾರೆ.

ಇದನ್ನು ನುಣುಪು ಮಾಡಲು ಬರುತ್ತದೆ ಮಾಮ, ಒಂದು ಗುಂಡಿ ಒತ್ತಿದರೆ ಸಾಕು ಎಂದೆ. ಮಾಡು ಅಂದ. ಒತ್ತಿದೆ. ಗೆರೆ ನೀಟಾಯಿತು, ಪೆನ್ನು ನೀಟಾಗಿ ಓಡಿತು, ಬಟ್ಟೆ ನೀಟಾಗಿ ಕೊಯ್ದು ಬಂತು. ಮಾಲೀಕರು ಸ್ಯಾಂಪಲ್ಲು ನೋಡಿ ಖುಷಿಪಟ್ಟರು, ಮಾತಿಗೆ ತಪ್ಪದೆ ಸಣ್ಣ ಆರ್ಡರುಗಳನ್ನೂ ಕೊಟ್ಟರು. ಮಾಮ ಪ್ಯಾಕಿಂಗಿನ ಕುರ್ಚಿ ಬಿಟ್ಟು ಮನೆಯಲ್ಲೇ ಕಟಿಂಗ್ ಮಾಡಿದ. ಅಂದುಕೊಂಡದ್ದೆಲ್ಲ ಆಯಿತು. ಆದರೆ ಅವನು ಕೊಯ್ದ ತುಂಡುಗಳನ್ನು ಎತ್ತಿ ನೋಡುತ್ತಿರಲಿಲ್ಲ. ಬಟ್ಟೆ ಹಾಸಿ, ಗುಂಡಿ ಒತ್ತಿ, ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದ. ಹೊಸ ಅಳತೆ ಬಂದರೆ ನೀನೇ ಕಂಪ್ಯೂಟರಿನಲ್ಲಿ ಬರಿ ಅನ್ನುತ್ತಿದ್ದ. ಚೆಂದ ಬಂದೈತಲ್ಲ ಮಾಮ ಎಂದು ಒಮ್ಮೆ ಕೇಳಿದ್ದಕ್ಕೆ, ಬಂದೈತವ್ವ, ಯಾರದಾರ ಇರಲಿ, ಚೆಂದೈತಿ ಎಂದ. ಸೀಮೆಸುಣ್ಣವನ್ನು ಅವನು ಮತ್ತೆ ಮುಟ್ಟಿದ್ದನ್ನು ನಾನು ಕಾಣಲಿಲ್ಲ.

ಕಾಯಿಲೆ ಆಮೇಲೆ ಎರಡೂ ಕೈಗೆ ಹರಡಿತು, ನಡಿಗೆಗೂ ಬಂತು. ಬಚ್ಚಲಲ್ಲಿ ಬಿದ್ದವನು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಕುರುಗೋಡಿನ ಹೊಲದಲ್ಲಿ ಮಣ್ಣು ಮಾಡಿದೆವು. ಮಿಷಿನ್ನಿಗೆ ಅತ್ತೆ ಹಳೆಯ ಸೀರೆ ಹೊದಿಸಿದಳು. ಈಗ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದಾಳೆ, ಹಾಗಾಗಿ ಮಿಷಿನ್ನು ಹೋಗಬೇಕು.

ಅತ್ತೆಯ ಫೋನು ಬಂದ ಮರುದಿನ ಬಳ್ಳಾರಿಗೆ ಹೋದೆ. ಬಂದವರು ಬಾಗಿಲ ಹಲಗೆಗೆ ಹೂಬಳ್ಳಿ ಕೊರೆಯುವ ಬಡಗಿ, ಸಂಭಾವಿತ ಮನುಷ್ಯ. ಕೂತು ಬೆಲ್ಟು ಮುಟ್ಟಿ ನೋಡಿದರು, ಹಳಿ ನೋಡಿದರು, ಒಮ್ಮೆ ಓಡಿಸ್ರಿ ಅಂದರು. ಪೆನ್ನು ಕಟ್ಟಿ ಹಾಳೆ ಹಾಸಿದೆ. ಹಳೆ ಕಂಪ್ಯೂಟರು ತಡವರಿಸಿ ತೆರೆದಾಗ ಮೇಲೆ ಕಂಡ ಗೆರೆಯನ್ನು ಒತ್ತಿಬಿಟ್ಟೆ. ಅದು ಮಾಮ ಎಳೆದ ಮೂಲ ಗೆರೆ, ನುಣುಪು ಮಾಡಿದ್ದು ಅದರ ಕೆಳಗಿತ್ತು. ಪೆನ್ನು ನೇರವಾಗಿ ಇಳಿದು, ಬಳುಕಿಗೆ ತಿರುಗಿ, ಸಣ್ಣಗೆ ನಡುಗಲು ಹತ್ತಿತು. ನಿಲ್ಲಿಸಲು ಕೈ ಚಾಚಿದವಳು ನಿಲ್ಲಿಸದೆ ಉಳಿದೆ.

ಎಲ್ಲೋ ಲೂಸ್ ಐತ್ರಿ ಇದು ಎಂದು ಆ ಮನುಷ್ಯ ಬಗ್ಗಿ ನೋಡಿದರು. ಅತ್ತೆ ಚಹಾ ತರುತ್ತಿದ್ದವಳು ಹೊಸ್ತಿಲಲ್ಲೇ ನಿಂತಿದ್ದಳು. ತಟ್ಟೆಯನ್ನು ಕಿಟಕಿಯ ಕಟ್ಟೆಗೆ ಇಟ್ಟು ಹತ್ತಿರ ಬಂದಳು.

“ಲೂಸ್ ಇಲ್ರಿ,” ಅಂದಳು. “ಅವ್ರು ಬರಿಯೋದ ಹಂಗ.”

ಪೆನ್ನು ಗೆರೆ ಮುಗಿಸಿ ನಿಂತಿತು. ದೋಷ ಎಂದು ನಾನು ಅಳಿಸಿ ತೆಗೆದದ್ದರಲ್ಲೇ ಅವನು ಇಷ್ಟು ಉಳಿದುಕೊಂಡಿದ್ದಾನೆ ಎಂದು ನನಗೆ ಆಗ ತಿಳಿಯಿತು, ತಿಳಿದು ಅಳು ಬಂತು. ಬಡಗಿ ಚಹಾ ಕುಡಿದು, ಇನ್ನೊಂದು ದಿನ ಬರ್ತೀನ್ರಿ ಎಂದು ಎದ್ದು ಹೋದರು. ಅತ್ತೆ ಕುರ್ಚಿಯನ್ನು ಮಿಷಿನ್ನಿನ ಪಕ್ಕಕ್ಕೆ ಎಳೆದುಕೊಂಡು ಕೂತು, ಇನ್ನೊಮ್ಮೆ ಹಚ್ಚವ್ವ ಅಂದಳು. ನಾನು ಹೊಸ ಹಾಳೆ ಹಾಸಿದೆ.